ಭಾವನ ಊಟದ ಸದ್ದು

ನಮ್ಮ ಭಾವ ಊಟಕ್ಕೆ ಕೂತರೆ ಮೂರು ತೋಟದಾಚೆಯ ನಾಯಿಗಳು ಎದ್ದು ಬಾಲ ಅಲ್ಲಾಡಿಸುತ್ತವೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಮೂರು ತೋಟವನ್ನು ಒಂದು ತೋಟಕ್ಕೆ ಇಳಿಸುತ್ತೇನೆ. ಅದಕ್ಕಿಂತ ಕಡಿಮೆ ಮಾಡಿದರೆ ಭಾವನಿಗೆ ಅನ್ಯಾಯವಾಗುತ್ತದೆ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಬಣಕಲ್ಲಿನ ಹತ್ತಿರ ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ ಇಟ್ಟುಕೊಂಡವರು. ಇಷ್ಟು ಕೇಳಿ ನೀವು ದೊಡ್ಡ ಹೊಟ್ಟೆಯ, ದಪ್ಪ ಕತ್ತಿನ ಆಸಾಮಿಯನ್ನು ಕಲ್ಪಿಸಿಕೊಂಡಿದ್ದರೆ ಅದನ್ನು ಈಗಲೇ ಅಳಿಸಿಹಾಕಿ. ಭಾವ ಸಣಕಲು ಆಳು. ಕೋಟು ಹಾಕಿಕೊಂಡರೆ ಕೋಟನ್ನು ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಾರೆ. ತಿನ್ನುವ ಪ್ರಮಾಣದಲ್ಲಿ ನನಗಿಂತ ಹೆಚ್ಚೇನಿಲ್ಲ. ವ್ಯತ್ಯಾಸವೆಲ್ಲ ತಿನ್ನುವ ರೀತಿಯಲ್ಲಿ. ಎಲೆಯ ಮುಂದೆ ಕೂತು, ತೋಳು ಮಡಚಿ, ಬಹಳ ದಿನದ ಮೇಲೆ ಮನೆಗೆ ಬಂದ ನೆಂಟನನ್ನು ನೋಡುವಂತೆ ಅನ್ನವನ್ನು ಒಮ್ಮೆ ನೋಡುತ್ತಾರೆ. ಆಮೇಲೆ ಶುರು! ಸಾರು ಸುರಿದುಕೊಳ್ಳುವ ಸದ್ದು, ಬೆರಳು ಚೀಪುವ ಸದ್ದು, ಮೂಳೆ ಇದ್ದರೆ ಮೂಳೆಯ ಸದ್ದು, ನಡುನಡುವೆ ಎದೆಯಾಳದಿಂದ ಹೊರಡುವ "ಹಾ!" ಅಷ್ಟು ಸಾಲದು ಎಂಬಂತೆ ಅಡುಗೆಮನೆಗೆ ಕೇಳುವ ಹಾಗೆ ಒಂದು ಕೂಗು: "ಯಾರಮ್ಮಾ ಈ ಸಾರು ಮಾಡಿದ್ದು? ಕೈ ತೋರ್ಸು, ನೋಡಿ ಹೋಗ್ತೀನಿ!" ಅಡುಗೆಮನೆಯಲ್ಲಿ ಬಳೆಗಳು ನಗುತ್ತವೆ. ಯಾವ ಮನೆಗೆ ಹೋದರೂ ಹೆಂಗಸರು ಭಾವನಿಗೆ ಎರಡನೆಯ ಸಲ ಬಡಿಸಲು ಜಗಳವಾಡುತ್ತಾರೆ. ನನಗೆ ಮೊದಲನೆಯ ಸಲ ಬಡಿಸಿದ್ದೇ ಅವರಿಗೆ ನೆನಪಿರುವುದಿಲ್ಲ.

ಇರಬೇಕಾದರೂ ಹೇಗೆ? ನಾನು ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಪಕ್ಕದಲ್ಲಿ ಕೂತವನೊಬ್ಬ ನನ್ನ ಎಲೆಯ ಕಡೆ ನೋಡಿ ನಕ್ಕ. ಯಾಕೆ ನಕ್ಕನೆಂದು ಇವತ್ತಿಗೂ ಗೊತ್ತಿಲ್ಲ. ಬಹುಶಃ ಅವನಿಗೆ ಬೇರೆ ಏನೋ ನೆನಪಾಗಿತ್ತು. ಆದರೆ ಆವತ್ತಿನಿಂದ ನಾನು ಊಟ ಮಾಡುವುದನ್ನು ಬಿಟ್ಟು, ಊಟ ಮಾಡುತ್ತಿರುವ ನನ್ನನ್ನು ಕಾಯುವ ಕೆಲಸಕ್ಕೆ ಸೇರಿಕೊಂಡೆ. ತುತ್ತು ದೊಡ್ಡದಾಯಿತೇ? ಮೀಸೆಗೆ ಮೊಸರು ತಾಗಿತೇ? ಹಪ್ಪಳವನ್ನು ಸದ್ದಾಗದಂತೆ ಬಾಯೊಳಗೆ ನೆನೆಸಿ, ಮೆತ್ತಗೆ ಮಾಡಿ ನುಂಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಬೇಕಿದ್ದರೆ ಮೂಡಿಗೆರೆಗೆ ಬನ್ನಿ. ಹಪ್ಪಳ ನೀವೇ ತನ್ನಿ.

ಹೀಗಿರುವಾಗ ಎರಡನೆಯ ಮಹಾಯುದ್ಧದ ಕಾಲದಲ್ಲಿ ನನ್ನ ದೊಡ್ಡ ಮಗಳಿಗೆ ಚಿಕ್ಕಮಗಳೂರು ಕಡೆಯ ಒಂದು ದೊಡ್ಡ ಎಸ್ಟೇಟ್ ಮನೆಯಿಂದ ಸಂಬಂಧ ಬಂತು. ಹುಡುಗನನ್ನು ಅವಳು ಯಾರದೋ ಮದುವೆಯಲ್ಲಿ ನೋಡಿದ್ದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಪಾತ್ರೆ ಬೆಳಗುವಾಗಲೂ ಹಾಡು ಗುನುಗತೊಡಗಿದಳು. ಅವಳಮ್ಮ ನನ್ನ ಕಡೆ ನೋಡಿ, "ಈ ಸಂಬಂಧ ತಪ್ಪಿದ್ರೆ ಹುಡುಗಿ ಕುಗ್ಗಿ ಹೋಗ್ತಾಳೆ ಕಣ್ರೀ" ಎಂದಳು. ಅಲ್ಲಿಗೆ ನನ್ನ ನಿದ್ದೆ ಹೋಯಿತು. ಯಾಕೆಂದರೆ ಹುಡುಗನ ತಂದೆ ಮೇಜಿನ ಮೇಲೆ ಉಣ್ಣುವವರು. ತಮ್ಮ ಬಾಯಿಯೊಳಗೆ ಹೋದದ್ದು ತಮ್ಮ ಮೀಸೆಗೂ ತಿಳಿಯದಂತೆ ಉಣ್ಣುವವರು ಎಂದು ಹೆಸರು. ಒಂದು ಮನೆಯ ಸಂಬಂಧವನ್ನು, ಹುಡುಗಿಯ ಅಪ್ಪ ಜೋರಾಗಿ ತೇಗಿದನೆಂಬ ಒಂದೇ ಕಾರಣಕ್ಕೆ ಅವರು ಬಿಟ್ಟು ಎದ್ದು ಬಂದರು ಎಂಬ ಸುದ್ದಿಯೂ ನನ್ನ ಕಿವಿಗೆ ಬಿತ್ತು. ಇಂಥ ಸುದ್ದಿಗಳು ನನ್ನ ಕಿವಿಯನ್ನು ಹುಡುಕಿಕೊಂಡೇ ಬರುತ್ತವೆ.

ತೇಗನ್ನು ನಾನು ಹೇಗೋ ತಡೆದುಕೊಳ್ಳಬಲ್ಲೆ. ಆದರೆ ನಮ್ಮ ಮನೆತನದ ಪದ್ಧತಿ ಒಂದಿದೆ. ಹೆಣ್ಣು ಕೊಡುವ ಮಾತಾಗುವ ದಿನ ಪಂಕ್ತಿಯ ತಲೆಯಲ್ಲಿ ಹುಡುಗಿಯ ಸೋದರಮಾವ ಕೂರಬೇಕು. ಅವನು ತುತ್ತೆತ್ತಿದ ಮೇಲೆ ಉಳಿದವರು ತುತ್ತೆತ್ತಬೇಕು. ಕೊನೆಗೆ ಪಾಯಸ ಬಂದಾಗ ಅವನು ಮೊದಲು ಬಾಯಿಗಿಟ್ಟರೆ ಮಾತು ಗಟ್ಟಿಯಾದಂತೆ. ಸೋದರಮಾವ ಯಾರು? ನಮ್ಮ ಭಾವ! ಪಾಯಸ ಯಾವುದರ ಮೇಲೆ? ಬಾಳೆಎಲೆಯ ಮೇಲೆ! ಬಾಳೆಎಲೆಯ ಮೇಲೆ ಹರಿದಾಡುವ ಪಾಯಸವನ್ನು ಅಂಗೈಯಲ್ಲಿ ಬಾಚಿ ಭಾವ ಒಳಗೆಳೆದುಕೊಳ್ಳುವ ಸದ್ದನ್ನು ನಾನು ಬರೆದು ತೋರಿಸಲಾರೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಬಾಯಿಗೆ ಹಣ್ಣು ಸುರಿದು, ನೀರು ಬಿಟ್ಟು, ತಿರುಗಿಸಿ ನೋಡಿ. ಸುಮಾರಾಗಿ ಅದೇ.

ಹಾಸಿಗೆಯಲ್ಲಿ ಹೊರಳಾಡುತ್ತ ಭಾವನ ಹಳೆಯ ಊಟಗಳನ್ನೆಲ್ಲ ನೆನೆದು ಬೆವೆತೆ.

ಒಮ್ಮೆ ಹಳ್ಳದ ನೀರಿನ ವಿಷಯ ಮಾತಾಡಲು ಪಕ್ಕದ ಎಸ್ಟೇಟಿನ ಬಿಳಿ ದೊರೆ ಭಾವನನ್ನು ಬಂಗಲೆಗೆ ಕರೆದಿದ್ದ. ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಎಳೆದುಕೊಂಡು ಹೋದರು. ಮೇಜಿನ ಮೇಲೆ ಹುರಿದ ಕೋಳಿ, ಪಕ್ಕದಲ್ಲಿ ಚಾಕು, ಮುಳ್ಳುಚಮಚ. ಭಾವ ಮುಳ್ಳುಚಮಚವನ್ನು ತಿರುಗಿಸಿ ನೋಡಿ ಬಟ್ಲರನ ಕೈಗೇ ಕೊಟ್ಟು, "ಕೋಳಿ ಸತ್ತೇ ಬಂದಿದೆಯಲ್ಲ ಮಾರಾಯ, ಮತ್ತೆ ಚುಚ್ಚೋದ್ಯಾಕೆ?" ಎಂದರು. ದೊರೆ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾರೆಂದು ಕೇಳಿದ. "ಅವರಿಗೆ ಹಸಿವಿಲ್ಲವಂತೆ" ಎಂದುಬಿಟ್ಟೆ! ಬಟ್ಲರ್ ವಿನಯದಿಂದ ಬಂದು ಭಾವನ ತಟ್ಟೆಗೆ ಕೈ ಹಾಕಿದ. ಭಾವ ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡರು. ಅವನು ಆ ಕಡೆಗೆ, ಇವರು ಈ ಕಡೆಗೆ. ದೊರೆಗೆ ಎಲ್ಲ ಅರ್ಥವಾಗಿ ಬಿದ್ದು ಬಿದ್ದು ನಕ್ಕ. ತನ್ನ ಮುಳ್ಳುಚಮಚ ಪಕ್ಕಕ್ಕಿಟ್ಟು ಕೋಳಿಯ ಕಾಲನ್ನು ಕೈಯಲ್ಲೇ ಎತ್ತಿಕೊಂಡ. ಇಬ್ಬರೂ ಬೆರಳು ಚೀಪುತ್ತ ಹಳ್ಳದ ನೀರನ್ನು ಹಂಚಿಕೊಂಡು ಮುಗಿಸಿದರು. ನಾನು ಮಾತ್ರ ಮರ್ಯಾದೆಯಿಂದ ತಟ್ಟೆಯ ತುಂಬ ಬಟಾಣಿ ಕಾಳನ್ನು ಮುಳ್ಳುಚಮಚದಲ್ಲಿ ಅಟ್ಟಿಸಿಕೊಂಡು ಹೋಗುತ್ತಿದ್ದೆ. ಒಂದೂ ಸಿಗಲಿಲ್ಲ.

ಇನ್ನೊಮ್ಮೆ ಬಸ್ಸಿನಲ್ಲಿ. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಬಸ್ಸು ಓಡುತ್ತಿದ್ದ ದಿನಗಳು. ಏರು ಬಂದರೆ ಇಳಿದು ನೂಕಬೇಕು, ಇಲ್ಲವೇ ಇಂಜಿನ್ನಿಗೆ ದಮ್ಮು ಬರುವವರೆಗೆ ಕಾಯಬೇಕು. ಆಲ್ದೂರಿನ ಹತ್ತಿರದ ಏರಿನಲ್ಲಿ ನಿಂತಾಗ ಭಾವ ಬಾಳೆಎಲೆಯ ಪೊಟ್ಟಣ ಬಿಚ್ಚಿದರು. ಅಕ್ಕಿರೊಟ್ಟಿ, ಕಳಲೆ ಪಲ್ಯ. ಕಳಲೆ ಎಂದರೆ ಎಳೆಬಿದಿರು. ಅದರ ವಾಸನೆ ಮುಚ್ಚಿಟ್ಟರೂ ಮುಚ್ಚಿಕೊಳ್ಳುವುದಿಲ್ಲ. ಕೋಟುಧಾರಿಯೊಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಕಿಟಕಿಯಾಚೆ ನೋಡುತ್ತ, ಇವರು ಯಾರೋ ನನಗೆ ಗೊತ್ತಿಲ್ಲ ಎಂಬ ಮುಖ ಮಾಡಿದೆ. "ಹಾ!" ಎಂದರು ಭಾವ. ಎರಡನೆಯ "ಹಾ!"ಗೆ ಕರವಸ್ತ್ರ ಕೆಳಗಿಳಿಯಿತು. ಮೂರನೆಯದಕ್ಕೆ ಕೋಟುಧಾರಿಗಳು, "ಕಳಲೆಗೆ ಖಾರ ಅರೆದು ಹಾಕಿದ್ದೋ, ಹುರಿದು ಹಾಕಿದ್ದೋ?" ಎಂದು ವಿಚಾರಿಸಿದರು. ರೊಟ್ಟಿ ಹರಿದು ಹರಿದು ಬಸ್ಸಿನ ತುಂಬ ಹೋಯಿತು. ಡ್ರೈವರ್ ಸಾಬರೂ ಕೈ ಒರೆಸಿಕೊಂಡು ಬಂದು ಒಂದು ತುಂಡು ತೆಗೆದುಕೊಂಡರು. ಅಲ್ಲಿಂದ ಮುಂದೆ ಭಾವ ಹತ್ತಿದ ದಿನವೆಲ್ಲ ಆ ಬಸ್ಸು ಆ ಏರಿನಲ್ಲಿ ನಿಂತೇ ನಿಲ್ಲುತ್ತಿತ್ತು. "ಇಂಜಿನ್ ಬಿಸಿಯಾಯ್ತು ಗೌಡ್ರೇ" ಎನ್ನುತ್ತಿದ್ದರು ಸಾಬರು, ಪೊಟ್ಟಣದ ಕಡೆ ನೋಡುತ್ತ.

ದೊರೆ ನಕ್ಕ, ಬಸ್ಸು ನಕ್ಕಿತು. ಆದರೆ ಹುಡುಗನ ತಂದೆ ನಗದಿದ್ದರೆ? ನನ್ನ ಮಗಳ ಹಾಡು ನಿಂತುಹೋದರೆ? ಭಾವನಿಗೆ ಮೊದಲೇ ಒಂದು ಮಾತು ಹೇಳಿಬಿಡುವುದೇ ಸರಿ ಎಂದು ಬಣಕಲ್ಲಿಗೆ ಹೊರಟೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. "ಭಾವ, ತಪ್ಪು ತಿಳೀಬೇಡಿ..." ಬೇಡ. "ಭಾವ, ಪಾಯಸ ಅಂದ್ರೆ ನಿಮಗೆ ಪ್ರಾಣ, ಗೊತ್ತು, ಆದ್ರೆ..." ಅದೂ ಬೇಡ.

ಅಂಗಳದಲ್ಲಿ ಕಾಲಿಡುವ ಮುಂಚೆಯೇ ಒಳಗಿನಿಂದ ಕೂಗು: "ಬಾ ಮಾರಾಯ, ಬಾ! ಸರಿಯಾದ ಹೊತ್ತಿಗೆ ಬಂದೆ. ಗದ್ದೆ ಏಡಿ ಸಿಕ್ಕಿದೆ. ಕೈ ತೊಳ್ಕೋ!"

ಏಡಿ ಸಾರಿನ ಮುಂದೆ ಎಂಥ ಮಾತು? ಭಾವ ಕೊಂಡಿಯನ್ನು ಹಲ್ಲಿನಲ್ಲಿ ಕಟುಂ ಎನ್ನಿಸಿ, ಒಳಗಿನದನ್ನು ಹೀರಿ, ಕಣ್ಣು ಮುಚ್ಚಿದರು. ಆ ಮುಖ ನೋಡಿದರೆ ಯಾರಿಗಾದರೂ ಅವರ ಬದುಕಿನ ಬಗ್ಗೆ ಹೊಟ್ಟೆಕಿಚ್ಚಾಗಬೇಕು. ಕಡೆಗೆ ನಾನು ಹೇಳಿದ್ದು ಇಷ್ಟೇ: "ಬರೋ ಗುರುವಾರ ಅವ್ರೆಲ್ಲ ಬರ್ತಾರೆ ಭಾವ. ಅವ್ರು... ಸ್ವಲ್ಪ ಮೆತ್ತಗಿನ ಜನ."

"ಒಳ್ಳೇದೇ ಆಯ್ತಲ್ಲ" ಎಂದರು ಭಾವ. ಏಡಿಯ ಕಾಲು ಕೈಯಲ್ಲಿ ಹಾಗೇ ಇತ್ತು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ, "ಇನ್ನೊಂದು ಹಾಕ್ಕೋ ಮಾರಾಯ, ನಿಂದು ಬರೀ ಚಿಪ್ಪು" ಎಂದರು.

ಗುರುವಾರ ಬಂತು. ತೋಟದಲ್ಲೆಲ್ಲ ಕಾಫಿ ಹೂ ಬಿಟ್ಟಿತ್ತು; ಆ ಪರಿಮಳದಲ್ಲಿ ನನಗೆ ತಲೆನೋವು ಬಂತೇ ಹೊರತು ಬೇರೇನೂ ಬರಲಿಲ್ಲ. ಹುಡುಗನ ತಂದೆ ಇಸ್ತ್ರಿಯ ಮಡಿಕೆ ಮುರಿಯದಂತೆ ಚಾಪೆಯ ಮೇಲೆ ಕೂತರು. ಪಕ್ಕದಲ್ಲಿ ಹುಡುಗ. ಪಂಕ್ತಿಯ ತಲೆಯಲ್ಲಿ ಭಾವ, ಗೂಟದ ಮೇಲಿನ ಕೋಟಿನಂತೆ. ನಾನು ಕಂಬ ಹಿಡಿದು ನಿಂತೆ.

ಭಾವ ಮೊದಲ ತುತ್ತೆತ್ತಿದರು. ತುತ್ತೇ ಅದು? ಗುಬ್ಬಚ್ಚಿಗೆ ಹಾಕಿದ್ದರೆ ಗುಬ್ಬಚ್ಚಿ ಬೈಯುತ್ತಿತ್ತು! ತುಟಿ ಮುಚ್ಚಿ ಅಗಿದರು. ಸದ್ದಿಲ್ಲ. ತಿಳಿಸಾರನ್ನು ಅನ್ನಕ್ಕೆ ಪೂರಾ ಇಂಗಿಸಿ, ಒಣಗಿಸಿದಂತೆ ಮಾಡಿ ಎತ್ತಿದರು. ಸದ್ದಿಲ್ಲ. "ಹಾ!" ಇಲ್ಲ, ಅಡುಗೆಮನೆಗೆ ಕೂಗಿಲ್ಲ. ಹಪ್ಪಳವನ್ನಂತೂ ಮುಟ್ಟಲೇ ಇಲ್ಲ. ದೇವರು ದೊಡ್ಡವನು ಎಂದುಕೊಂಡೆ. ನನ್ನ ತಲೆನೋವು ಅರ್ಧ ಇಳಿಯಿತು.

ಅಷ್ಟರಲ್ಲಿ ಒಳಗಿನಿಂದ ಪಾಯಸದ ಪಾತ್ರೆ ಬಂತು. ಸಕ್ಕರೆ ಕಾಣದ ಕಾಲ. ಬೆಲ್ಲ, ಕಾಯಿಹಾಲು ಹಾಕಿ ಮಾಡಿದ ಶ್ಯಾವಿಗೆ ಪಾಯಸ. ಭಾವ ಪಾತ್ರೆಯನ್ನು ನೋಡಿದರು. ಅಂಗೈಯನ್ನು ನೋಡಿಕೊಂಡರು. ಹುಡುಗನ ತಂದೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಎಲೆ ಮಡಚಿಬಿಟ್ಟರು.

ಪಂಕ್ತಿಯ ಕೈಗಳೆಲ್ಲ ನಿಂತವು. ಪಾಯಸದ ಸೌಟು ಗಾಳಿಯಲ್ಲಿ ನಿಂತಿತು. ಸೋದರಮಾವ ಪಾಯಸ ಒಲ್ಲೆ ಎಂದು ಎಲೆ ಮಡಚಿದರೆ ಅದಕ್ಕೆ ಅರ್ಥ ಒಂದೇ. ಅದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಹುಡುಗನ ತಂದೆಯ ಮುಖ ಕೆಂಪಾಯಿತು.

"ಹುಡುಗಿ ಮಾವನವ್ರಿಗೆ ನಮ್ಮ ಮನೆ ಒಪ್ಪಿಗೆ ಆಗ್ಲಿಲ್ಲ ಅಂತ ಕಾಣ್ತದೆ" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಮೊದ್ಲೇ ಹೇಳಿದ್ರೆ ನಾವು ಇಷ್ಟು ದೂರ ಬರ್ತಿರ್ಲಿಲ್ಲ."

ಭಾವ ಬಾಯಿ ತೆರೆದರು. ಜೀವಮಾನದಲ್ಲಿ ಮೊದಲ ಸಲ ಆ ಬಾಯಿಂದ ಏನೂ ಹೊರಡಲಿಲ್ಲ. ಹುಡುಗ ತಲೆ ತಗ್ಗಿಸಿದ. ನಾನು? ಕಂಬ ನನ್ನನ್ನು ಹಿಡಿದಿತ್ತು.

ಅಡುಗೆಮನೆಯ ಬಾಗಿಲಲ್ಲಿ ಭಾವನ ಹೆಂಡತಿ ಕಾಣಿಸಿಕೊಂಡರು. ಗಂಡಸರ ಪಂಕ್ತಿಯ ಮುಂದೆ ಎಂದೂ ದನಿ ಎತ್ತದ ಹೆಂಗಸು.

"ಒಪ್ಪಿಗೆ ಇಲ್ಲ ಅಂತಲ್ಲ ಸ್ವಾಮಿ!" ಎಂದರು. "ಇವ್ರು ಊಟ ಮಾಡಿದ್ರೆ ಸದ್ದಾಗ್ತದೆ. ದೊಡ್ಡೋರ ಮುಂದೆ ತನ್ನ ಬಾಯಿಂದ ಹುಡುಗಿ ಸಂಬಂಧ ಕೆಡಬಾರ್ದು ಅಂತ, ವಾರದಿಂದ ಕೋಣೆ ಬಾಗ್ಲು ಹಾಕ್ಕೊಂಡು ಸದ್ದಿಲ್ದೆ ತಿನ್ನೋದು ಕಲೀತಿದ್ರು. ನನ್ನ ಬಾಗ್ಲಾಚೆ ನಿಲ್ಸಿ, 'ಕೇಳಿಸ್ತಾ? ಈಗ ಕೇಳಿಸ್ತಾ?' ಅಂತ ಕೇಳೋರು. ಅನ್ನ ಕಲ್ತ್ರು, ಸಾರು ಕಲ್ತ್ರು. ಪಾಯಸ ಒಂದು ಬರ್ಲಿಲ್ಲ ಸ್ವಾಮಿ. ಎಷ್ಟು ಮಾಡಿದ್ರೂ ಬರ್ಲಿಲ್ಲ."

ಯಾರೂ ನಗಲಿಲ್ಲ. ಭಾವ ಮಡಚಿದ ಎಲೆಯನ್ನೇ ನೋಡುತ್ತ ಕೂತಿದ್ದರು, ಮಾಸ್ತರರ ಮುಂದೆ ನಿಂತ ದಡ್ಡ ಹುಡುಗನಂತೆ. ಯಾರ ಮುಂದೆಯೂ, ಬಿಳಿ ದೊರೆಯ ಮುಂದೆಯೂ, ಹಾಗೆ ಕೂತವರಲ್ಲ.

ಹುಡುಗನ ತಂದೆ ಗಂಟಲು ಸರಿಮಾಡಿಕೊಂಡು, "ಗೌಡ್ರಿಗೊಂದು ಬೇರೆ ಎಲೆ ಹಾಕಿ" ಎಂದರು.

ಎಲೆ ತಂದವಳು ನನ್ನ ಮಗಳು. ಮಾತು ಮುಗಿಯುವ ತನಕ ಹುಡುಗಿ ಪಂಕ್ತಿಯ ಮುಂದೆ ಬರಬಾರದು. ಅಯ್ಯೋ, ಇದೊಂದು ಬಾಕಿ ಇತ್ತಲ್ಲ ಎಂದುಕೊಂಡೆ. ಅವಳು ಯಾರ ಕಡೆಯೂ ನೋಡಲಿಲ್ಲ. ಎಲೆ ಹಾಸಿ, ನೀರು ಚಿಮುಕಿಸಿ, ಸೌಟನ್ನು ತಾನೇ ತೆಗೆದುಕೊಂಡು ಎಲೆಯ ತುಂಬ ಪಾಯಸ ಬಡಿಸಿದಳು.

"ಮಾವ, ಯಾವಾಗ್ಲೂ ಉಣ್ಣೋ ಹಾಗೇ ಉಣ್ಣಿ" ಎಂದಳು. "ನಾನು ಒಳಗಿರ್ತೀನಿ. ನಂಗೆ ಅಲ್ಲಿಗೆ ಕೇಳ್ಬೇಕು."

ಅವಳು ಬಾಗಿಲಾಚೆ ಹೋಗುವ ತನಕ ಭಾವ ಕಾದರು. ಪಾಯಸ ಎಲೆಯ ಅಂಚಿಗೆ ಓಡುತ್ತಿತ್ತು. ಅಂಗೈಯಲ್ಲಿ ಬಾಚಿ ಒಳಗೆಳೆದುಕೊಂಡರು. ಎಳೆದದ್ದು ಪಾಯಸವನ್ನೋ ಮೂಗನ್ನೋ ನನಗೆ ಆವತ್ತು ಗೊತ್ತಾಗಲಿಲ್ಲ.

"ಕೇಳಿಸ್ತು ಮಾವಾ!" ಎಂದಳು ಮಗಳು, ಒಳಗಿನಿಂದ.