ಮೈಲೇಜಿನ ಮೇಷ್ಟ್ರು

ಎಲ್ಲರಿಗೂ ಕಾರು ಅಂದ್ರೆ ಊರಿಂದ ಊರಿಗೆ ಹೋಗೋಕೆ. ನನ್ನ ಕಾರು ಮಾತ್ರ ಊರೂರಲ್ಲಿ ಜನ ನಗೋಕೆ. ಅದನ್ನ ಹೊರಗೆ ತೆಗೆದ ದಿನ ಏನಾದ್ರೂ ಒಂದು ಆಗಲೇಬೇಕು. ಏನೂ ಆಗದೆ ಮನೆಗೆ ಬಂದ್ರೆ ನನಗೇ ಏನೋ ಮರೆತು ಬಂದ ಹಾಗೆ ಅನ್ನಿಸುತ್ತೆ.

ನಾನು ಮಳವಳ್ಳಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಮಂಡ್ಯದಲ್ಲಿ. ದಿನಾ ಮದ್ದೂರಿನ ಮೇಲೆ ಹೋಗಿ ಬರ್ತೀನಿ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೇಲೆ ನಾನು ಮನುಷ್ಯನಾಗಿ ಉಳಿದಿರಲಿಲ್ಲ. ಖಾಲಿ ರಸ್ತೆ ಕಂಡು ಆಕ್ಸಿಲರೇಟರ್ ಒತ್ತಿದಾಗ ಸಿಗೋ ಖುಷಿ ಇದೆಯಲ್ಲ, ಅಯ್ಯೋ, ಅದನ್ನ ಬಾಯಲ್ಲಿ ಹೇಳೋಕಾಗಲ್ಲ. ಹಾಗೆ ಬುರ್ ಅಂತ ಶಾಲೆ ಮುಟ್ಟಿ, ಒಂಬತ್ತನೇ ಕ್ಲಾಸಿಗೆ ಹೋಗಿ, "ಮಕ್ಕಳೇ, ವಾಹನದ ಹೊಗೆಯಿಂದ ಭೂಮಿ ಬಿಸಿಯಾಗ್ತಾ ಇದೆ" ಅಂತ ಪಾಠ ಮಾಡ್ತಿದ್ದೆ. ಹೊರಗೆ ನನ್ನ ಕಾರಿನ ಬಾನೆಟ್ ಮೇಲೆ ಆಗ ದೋಸೆ ಹುಯ್ಯಬಹುದಾಗಿತ್ತು.

ನನ್ನ ಸುಖ ಬಹಳ ದಿನ ನಡೀಲಿಲ್ಲ. ಕಾರಿನ ಮೀಟರಿನ ಪಕ್ಕ ಒಂದು ಸಣ್ಣ ಪರದೆ ಇದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡ್ತಿದೆ ಅಂತ ತೋರಿಸುತ್ತೆ. ಅದರಲ್ಲಿ ಹದಿಮೂರು ಅಂತ ಇದ್ದದ್ದು ನನ್ನ ಹೆಂಡತಿ ಕಣ್ಣಿಗೆ ಬಿತ್ತು.

"ರೀ, ಇದು ಕಾರೋ, ಕುಡುಕನೋ? ನಾನು ಪಾಂಡವಪುರದ ಆಫೀಸಿಗೆ ದಿನಾ ಬಸ್ಸಲ್ಲಿ ಹೋಗ್ತಿಲ್ವಾ? ಯುಗಾದಿಗೆ ನಮ್ಮಪ್ಪನ ಮನೆಗೆ ಹೋಗ್ತೀವಲ್ಲ, ಅಷ್ಟೊತ್ತಿಗೆ ಇದರಲ್ಲಿ ಇಪ್ಪತ್ತು ಕಾಣಬೇಕು. ಇಲ್ದಿದ್ರೆ ಗಾಡಿ ಮಾರಿಬಿಡಿ, ನೀವೂ ಬಸ್ಸು ಹತ್ತಿ" ಅಂದಳು.

ಮಾರೋದು! ಅವಳು ತಮಾಷೆಗೆ ಮಾತಾಡೋಳಲ್ಲ. ಅವತ್ತಿಂದ ನಾನು ಮೈಲೇಜಿನ ಹಿಂದೆ ಬಿದ್ದೆ.

ಇಳಿಜಾರು

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಒಂದು ಉಪಾಯ ಹೇಳಿದರು. "ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ ಬುಟ್ಬುಡಿ. ಗಾಡಿ ತಾನಾಗೇ ಓಯ್ತದೆ, ಪೆಟ್ರೋಲೇ ಬೇಡ." ಪಾಠ ಹೇಳಬೇಕಾಗಿದ್ದ ವಿಜ್ಞಾನದ ಮೇಷ್ಟ್ರು ನಾನು, ಪಿ.ಟಿ. ಮೇಷ್ಟ್ರ ಮಾತು ಕೇಳಿದೆ.

ಮದ್ದೂರು ದಾಟಿದ ಮೇಲೆ ಒಂದು ಇಳಿಜಾರು, ಅದು ಮುಗಿಯೋ ಕಡೆ ಒಂದು ಟೀ ಅಂಗಡಿ. ಎಂಜಿನ್ ಆಫ್ ಮಾಡಿ ಸದ್ದಿಲ್ಲದೆ ಜಾರಿಕೊಂಡು ಬಂದೆ. ಗಾಡಿ ಸರಿಯಾಗಿ ಟೀ ಅಂಗಡಿ ಮುಂದೆ ಬಂದು ನಿಂತಿತು. ಬೆಂಚಿನ ಮೇಲಿದ್ದವರು ಗ್ಲಾಸು ಕೆಳಗಿಟ್ಟರು.

"ಲೇ, ಮೇಷ್ಟ್ರ ಗಾಡಿ ಕೆಟ್ಟೋಯ್ತು ಕಣ್ರಲಾ, ಬನ್ರೋ!"

"ಇಲ್ಲಪ್ಪ, ಏನೂ ಆಗಿಲ್ಲ" ಅಂದೆ.

"ಸಂಕೋಚ ಯಾಕ್ ಸಾ, ಸುಮ್ಕೆ ಕೂತ್ಕಳಿ" ಅಂತ ಲುಂಗಿ ಎತ್ತಿ ಕಟ್ಟಿ ತಳ್ಳೋಕೆ ಶುರು ಮಾಡಿದರು. ಪೆಟ್ರೋಲ್ ಉಳಿಸೋಕೆ ನಾನೇ ಆಫ್ ಮಾಡಿದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಮುಂದೆ ಏರು. ಆ ಏರನ್ನೂ ಏದುಸಿರು ಬಿಡ್ತಾ ತಳ್ಳಿದರು. ಮೇಲೆ ಬಂದ ಮೇಲೆ ನಾನು ಕೀ ತಿರುಗಿಸಿದೆ, ಗಾಡಿ ಮೊದಲ ಸಲಕ್ಕೇ ಸ್ಟಾರ್ಟ್ ಆಯ್ತು. "ನಮ್ ಕೈಗುಣ ಕಣ್ಲಾ" ಅಂತ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಎಲ್ಲರಿಗೂ ಟೀ ಕೊಡಿಸಿದೆ.

ಇರಲಿ, ಒಂದು ಏರು ಪುಕ್ಕಟೆ ಆಯ್ತಲ್ಲ ಅಂತ ಪರದೆ ನೋಡಿದೆ. ಒಂದಿಷ್ಟೂ ಏರಿಲ್ಲ. ಮೆಕ್ಯಾನಿಕ್‌ನ ಕೇಳಿದೆ. ಕೀ ಆಫ್ ಮಾಡಿದರೆ ಪರದೆಯೂ ಆಫ್ ಅಂತೆ, ಆ ದೂರ ಲೆಕ್ಕಕ್ಕೇ ಬರಲ್ಲವಂತೆ. ಎಂಜಿನ್ ಆಫ್ ಮಾಡಿದರೆ ಬ್ರೇಕೂ ಸರಿಯಾಗಿ ಹಿಡಿಯಲ್ಲ ಅಂತ ಬೇರೆ ಬೈದ. ಆದರೆ ಟೀ ಅಂಗಡಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ಮಾರನೇ ದಿನ ನನ್ನ ಕಾರು ದೂರದಲ್ಲಿ ಕಂಡ ಕೂಡಲೇ ಅವರೆಲ್ಲ ಲುಂಗಿ ಎತ್ತಿ ಕಟ್ಟಿ ರಸ್ತೆ ಪಕ್ಕ ರೆಡಿಯಾಗಿ ನಿಂತಿದ್ದರು.

ಕಬ್ಬಿನ ಟ್ರ್ಯಾಕ್ಟರ್

ಆಮೇಲೆ ಓವರ್‌ಟೇಕ್ ಮಾಡೋದೇ ಬಿಟ್ಟೆ. ಓವರ್‌ಟೇಕ್ ಅಂದ್ರೆ ಪೆಟ್ರೋಲ್ ಸುಟ್ಟ ಹಾಗೆ. ಆಗ ಕೆ.ಎಂ. ದೊಡ್ಡಿ ಕಡೆ ಕಬ್ಬು ಅರೆಯೋ ಕಾಲ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದು ಟ್ರ್ಯಾಕ್ಟರಿನ ಹಿಂದೆ ಸೇರಿಕೊಂಡು, ಅದು ಹೋದ ಹಾಗೇ ನಾನೂ ಹೋದೆ. ಕೈ ಕಾಲು ತುರಿಸೋದು, ದಾರಿ ಖಾಲಿ ಇರೋದು, ಆದರೂ ಹಲ್ಲು ಕಚ್ಚಿ ಹಿಂದೆಯೇ ಇದ್ದೆ. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದು, ನನ್ನ ಮುಖ ನೋಡಿ ಬೈದು ಮುಂದೆ ಹೋದರು.

ಸ್ವಲ್ಪ ದೂರ ಆದ ಮೇಲೆ ಟ್ರ್ಯಾಕ್ಟರ್ ನಿಂತಿತು. ಡ್ರೈವರ್ ಇಳಿದು ಬಂದ.

"ಏನ್ ಸಾ, ಆಗ್ಲಿಂದ ನೋಡ್ತಾವ್ನಿ, ಬಾಲ ಇಡ್ಕಂಡ್ ಬತ್ತಾ ಇದ್ದೀರಲ್ಲ. ಕಬ್ ಬೇಕಾ? ಬಾಯ್ಬುಟ್ಟು ಕೇಳಬಾರ್ದಾ?"

"ಬೇಡಪ್ಪ, ನಾನು ಪರಿಸರಕ್ಕೋಸ್ಕರ..." ಅನ್ನೋ ಹೊತ್ತಿಗೆ ಉದ್ದುದ್ದ ಜಲ್ಲೆಗಳನ್ನ ಹಿರಿದು ಕಿಟಕಿಯಲ್ಲಿ ತುರುಕಿದ. ನನ್ನ ಪರಿಸರದ ಮಾತು ಕಬ್ಬಿನ ಸೋಗೆ ಒಳಗೆ ಮುಚ್ಚಿಹೋಯ್ತು.

ಕಿಟಕಿಯಿಂದ ಹೊರಗೆ ಚಾಚಿಕೊಂಡ ಕಬ್ಬಿನ ಸಮೇತ, ಪ್ರಾರ್ಥನೆ ಮುಗಿದ ಮೇಲೆ ಶಾಲೆ ತಲುಪಿದೆ. ಟ್ರ್ಯಾಕ್ಟರಿನ ಹಿಂದೆ ಓಡಿ ಕಬ್ಬು ಕೀಳಬಾರದು ಅಂತ ಹಿಂದಿನ ದಿನ ತಾನೇ ಮಕ್ಕಳಿಗೆ ನಾನು ಭಾಷಣ ಬಿಗಿದಿದ್ದೆ. ಮಕ್ಕಳೆಲ್ಲ ಕಿಟಕಿಗೆ ಬಂದು ನಿಂತರು. ಹೆಡ್‌ಮಾಸ್ಟರು ನನ್ನ ಒಳಗೆ ಕರೆದು ಬಾಗಿಲು ಹಾಕಿದರು.

"ಏನ್ರೀ ಇದು? ನೀವೇ ಹಿಂಗೆ ಮಾಡಿದ್ರೆ ಮಕ್ಕಳಿಗೆ ಏನು ಹೇಳೋಣ?"

ನಾನು ತಲೆ ತಗ್ಗಿಸಿ ಹೊರಟೆ. ಬಾಗಿಲ ಹತ್ತಿರ ಮತ್ತೆ ಕರೆದರು.

"ಎರಡು ಜಲ್ಲೆ ಇಲ್ಲಿಟ್ಟು ಹೋಗಿ."

ಬೀಗರ ಊಟ

ಒಬ್ಬೊಬ್ಬರು ಒಂದೊಂದು ಗಾಡಿಯಲ್ಲಿ ಹೋದರೆ ಹೊಗೆ ಜಾಸ್ತಿ. ಹಾಗಾಗಿ ಸೋಮನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಬೀಗರ ಊಟ ಇದ್ದಾಗ, ಮಂಡ್ಯದಲ್ಲಿದ್ದ ಮೇಷ್ಟ್ರುಗಳನ್ನೆಲ್ಲ ನನ್ನ ಕಾರಿಗೇ ಹತ್ತಿಸಿಕೊಂಡೆ. ದಾರಿಯುದ್ದ ಪರಿಸರ, ಬಸ್ಸಿನ ಮಹಿಮೆ ಎಲ್ಲ ಕೊರೆದೆ. ಹೋಗೋವಾಗ ಚೆನ್ನಾಗೇ ಹೋದ್ವಿ.

ಬೀಗರ ಊಟ ಅಂದ್ರೆ ಗೊತ್ತಲ್ಲ, ಮದುವೆ ಆದ ಮೇಲೆ ಬೀಗರಿಗೆ ಹಾಕೋ ಮಾಂಸದ ಬಾಡೂಟ. ಬಡಿಸೋರು ಬೇಡ ಅಂದ್ರೂ ಬಿಡಲ್ಲ, ಉಣ್ಣೋರು ಬೇಡ ಅನ್ನೋದೂ ಇಲ್ಲ. ಮುದ್ದೆ, ಬಾಡು, ಬೋಟಿ ಎಲ್ಲ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದು ಕೂತಾಗ ಕಾರು ಉಸ್ಸಪ್ಪಾ ಅಂತು. ಹಳ್ಳಿ ದಾರಿಯಲ್ಲಿ ಹೆಜ್ಜೆಗೊಂದು ಹಂಪು. ಮೊದಲ ಹಂಪಿನಲ್ಲೇ ಕಾರಿನ ಅಡಿ ಕರಕರ ಅಂತ ಉಜ್ಜಿತು.

"ಎಲ್ಲಾ ಸ್ವಲ್ಪ ಇಳೀರಪ್ಪ" ಅಂದೆ. ಇಳಿದರು, ಕಾರು ದಾಟಿತು, ಹತ್ತಿದರು. ಮುಂದಿನ ಹಂಪಿಗೂ ಅದೇ. ಮೇಲೆ ಬಿಸಿಲು, ಒಳಗೆ ಬಾಡು.

"ಎಸಿನಾದ್ರೂ ಹಾಕ್ರೀ" ಅಂದರು.

"ಎಸಿ ಹಾಕಿದ್ರೆ ಮೈಲೇಜು ಬೀಳುತ್ತೆ" ಅಂದೆ.

ಮುಂದಿನ ಹಂಪಿಗೆ ಇಳಿದವರು ಮತ್ತೆ ಹತ್ತಲೇ ಇಲ್ಲ. ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಅದನ್ನ ಹತ್ತಿದರು. ನನ್ನ ದಾಟಿ ಹೋಗೋವಾಗ ಪಿ.ಟಿ. ಮೇಷ್ಟ್ರು ಕಿಟಕಿಯಿಂದ ಕೂಗಿದರು, "ನೀವು ಹೇಳಿದ್ದು ದಿಟ ಕಣ್ರೀ, ಪರಿಸರಕ್ಕೆ ಬಸ್ಸೇ ಒಳ್ಳೇದು!"

ವರ್ಷದೊಡಕು

ಅಂತೂ ಯುಗಾದಿ ಬಂತು. ಹಬ್ಬದ ಮಾರನೇ ದಿನ ವರ್ಷದೊಡಕು, ಮಳವಳ್ಳಿಯ ಮಾವನ ಮನೆಯಲ್ಲಿ ಬಾಡೂಟ. ಹೆಂಡತಿ ಪಕ್ಕದಲ್ಲಿ ಕೂತಳು. ಪರದೆಯಲ್ಲಿ ಹತ್ತೊಂಬತ್ತು ಚಿಲ್ಲರೆ ಇತ್ತು. ಇನ್ನೊಂದು ಚೂರು ಏರಿದರೆ ಕಾರು ನನ್ನದು, ಇಲ್ಲದಿದ್ದರೆ ಯಾರದೋ. ಕಾಲಿನ ಕೆಳಗೆ ಮೊಟ್ಟೆ ಇದೆಯೇನೋ ಅನ್ನೋ ಹಾಗೆ ಆಕ್ಸಿಲರೇಟರ್ ಮುಟ್ಟುತ್ತಾ ಹೊರಟೆ. ಸೈಕಲ್ಲಿನವರು ನಮ್ಮನ್ನ ದಾಟಿ, ಹಿಂದೆ ತಿರುಗಿ ಅಯ್ಯೋ ಪಾಪ ಅನ್ನೋ ಹಾಗೆ ನೋಡಿದರು.

ಮಾವ ಫೋನ್ ಮಾಡಿದರು. "ಎಲ್ಲಿದ್ದೀರವ್ವಾ? ಬಾಡು ಬೆಂದಾಯ್ತು, ಮುದ್ದೆ ಆರೋಯ್ತಾ ಅದೆ."

"ಬತ್ತಾ ಇದ್ದೀವಿ ಕಣಪ್ಪ" ಅಂದು ಹೆಂಡತಿ ನನ್ನ ಕಡೆ ನೋಡಿದಳು. ನಾನು ಪರದೆ ಕಡೆ ನೋಡಿದೆ.

ಅಷ್ಟರಲ್ಲಿ ಒಂದು ಮೊಪೆಡ್ಡು ನಮ್ಮನ್ನ ದಾಟಿತು. ಹಿಂದೆ ಒಂದು ಕುರಿ ಕಟ್ಟಿದ್ದರು. ಅದು ನಮ್ಮನ್ನೇ ನೋಡ್ತಾ ಮುಂದೆ ಹೋಯ್ತು.

"ಥೂ, ಸಾಯೋಕೆ ಹೋಗೋ ಕುರಿನೇ ನಮಗಿಂತ ಮುಂಚೆ ಹೋಯ್ತಲ್ರೀ! ನಿಲ್ಲಿಸಿ ಗಾಡಿ. ಇಳೀರಿ."

ಅವಳು ಮಂಡ್ಯದಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಗೊಂಡಿದ್ದಳು. ಆದರೆ ಈ ಕಾರಿನ ಸ್ಟೇರಿಂಗ್ ಒಂದು ದಿನವೂ ಮುಟ್ಟಿರಲಿಲ್ಲ. ಸೀಟು ಮುಂದಕ್ಕೆ ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಸಿ ಹಾಕಿ, ಹೊರಟಳು ನೋಡಿ! ಕುರಿ ಹಿಂದೆ ಹೋಯ್ತು, ಸೈಕಲ್ಲಿನವರು ಹಿಂದೆ ಹೋದರು, ಬಸ್ಸೂ ಹಿಂದೆ ಹೋಯ್ತು. ಮದುವೆ ದಿನವೂ ಅವಳ ಮುಖದಲ್ಲಿ ಆ ಖುಷಿ ನಾನು ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯ್ತು.

ಮಾವನ ಮನೆ ಮುಂದೆ ನಿಂತಾಗ ಪರದೆಯಲ್ಲಿ ಹದಿನೇಳು. ಮುಗೀತು ಅಂದುಕೊಂಡೆ.

ಅವಳು ಇಳಿದು ಬಾನೆಟ್ ಸವರಿ, "ಅಪ್ಪಾ, ಇಂಥಾ ಗಾಡೀನ ಯಾರಾದ್ರೂ ಮಾರ್ತಾರಾ? ಇವರಿಗೆ ಬುದ್ಧಿ ಇಲ್ಲ" ಅಂದಳು.

ಬೈದದ್ದು ಕಿವಿಗೆ ಬೀಳಲೇ ಇಲ್ಲ. ಕಾರು ಉಳೀತಲ್ಲ! ಆ ಸಂತೋಷಕ್ಕೆ ಇನ್ನೊಂದು ಮುದ್ದೆ ಜಾಸ್ತಿ ಉಂಡೆ.

ರಜೆ ಮುಗಿದ ದಿನ ಬೆಳಿಗ್ಗೆ ನೋಡ್ತೀನಿ, ಗೋಡೆಯ ಮೊಳೆಯಲ್ಲಿ ಕಾರಿನ ಕೀ ಇಲ್ಲ. ಅವಳ ಬ್ಯಾಗಿನಲ್ಲಿದೆ.

"ಪಾಂಡವಪುರಕ್ಕೆ ನಾನು ಕಾರಲ್ಲಿ ಹೋಗ್ತೀನಿ. ನೀವು ಮಕ್ಕಳಿಗೆ ಪರಿಸರ ಹೇಳೋರು, ಬಸ್ಸಲ್ಲಿ ಹೋಗಿ" ಅಂದಳು.

"ಹೋಗಲಿ, ಮೈಲೇಜು ಎಷ್ಟು ಬರ್ತಿದೆ, ಅದನ್ನಾದ್ರೂ ನೋಡೇ" ಅಂದೆ.

"ಬನ್ನಿ, ನೀವೇ ನೋಡಿ" ಅಂತ ಬಾಗಿಲು ತೆಗೆದಳು.

ಬಗ್ಗಿ ನೋಡಿದೆ. ಪರದೆ ಇದ್ದ ಜಾಗದಲ್ಲಿ, ಅಂಕಿ ಒಂದೂ ಕಾಣದ ಹಾಗೆ, ಗಣಪತಿ ಸ್ಟಿಕ್ಕರು ಅಂಟಿಸಿದ್ದಳು. ಏನು ಮಾಡೋದು, ದೇವರಲ್ವಾ, ಕೈ ಮುಗಿದೆ.

"ಚೆನ್ನಾಗಿ ಮುಗೀರಿ" ಅಂದಳು ಸ್ಟಾರ್ಟ್ ಮಾಡ್ತಾ, "ಬಸ್ಸಲ್ಲಿ ಸೀಟು ಸಿಗಲಿ ಅಂತ."