ಶಿಫಾರಸು ಮಾಡಿಲ್ಲವೆಂಬ ಪತ್ರ

ರಗಳೆಯೆಲ್ಲ ಶುರುವಾದದ್ದು ನಾಲ್ಕನೇ ಕಾಲಮಿನಿಂದ.

ಹೊಸ ಸರ್ಕಾರ ಪಾರದರ್ಶಕ ಆಡಳಿತದ ಮಾತು ಕೊಟ್ಟು ಗೆದ್ದಿತ್ತು. ಮಾತು ಕೊಟ್ಟ ಮೇಲೆ ಏನಾದರೂ ಮಾಡಲೇಬೇಕಲ್ಲ, ಒಂದು ನಮೂನೆ ಅಚ್ಚು ಹಾಕಿಸಿತು. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆ ನಮೂನೆಗಳ ಕಟ್ಟು ಅಳತೆ ಮತ್ತು ತೂಕ ಇಲಾಖೆಯ ಕಚೇರಿಗೆ ಬಂತು. ಒಂದನೇ ಕಾಲಂ ಹೆಸರು, ಎರಡನೆಯದು ಹುದ್ದೆ, ಮೂರನೆಯದು ಸೇರಿದ ದಿನಾಂಕ. ನಾಲ್ಕನೆಯದು, 'ಯಾರ ಶಿಫಾರಸಿನಿಂದ ನೇಮಕವಾಯಿತು'. ನಿಜ ಬರೆದವರಿಗೆ ಯಾವ ತೊಂದರೆಯೂ ಇಲ್ಲ, ಯಾವ ಕಾಲಮನ್ನೂ ಖಾಲಿ ಬಿಡತಕ್ಕದ್ದಲ್ಲ, ಸಂಜೆ ಸುಧಾರಣಾ ಘಟಕದ ಅಧಿಕಾರಿಗಳು ಖುದ್ದಾಗಿ ಬಂದು ಪರಿಶೀಲಿಸುತ್ತಾರೆ ಎಂದು ಕೆಳಗೆ ಸೂಚನೆಯಿತ್ತು.

ಕಚೇರಿಯ ಹದಿನೇಳು ಜನರಲ್ಲಿ ಹದಿನಾರು ಮಂದಿ ಹತ್ತು ನಿಮಿಷದಲ್ಲಿ ತುಂಬಿ ಮುಗಿಸಿದರು. ಟೈಪಿಸ್ಟ್ ಮೇಡಂ ಮಾಜಿ ಸಚಿವರೊಬ್ಬರ ಹೆಸರನ್ನು ಮದುವೆ ಕರೆಯೋಲೆಯ ಅಕ್ಷರದಲ್ಲಿ ಬರೆದರು. ಡ್ರೈವರಿಗೆ ಮೂವರು ಶಿಫಾರಸು ಮಾಡಿದ್ದರಿಂದ ಗೆರೆ ಸಾಲದೆ ಅಂಚಿನಲ್ಲಿ ಮುಂದುವರಿಸಿದ. ಸೂಪರಿಂಟೆಂಡೆಂಟರಂತೂ ತಮ್ಮ ಶಿಫಾರಸುದಾರರು ತೀರಿಕೊಂಡಿದ್ದಾರೆಂದು ನೆನಪಾಗಿ, ಹೆಸರಿನ ಹಿಂದೆ 'ದಿವಂಗತ' ಸೇರಿಸಿ ಒಂದು ಕ್ಷಣ ಕನ್ನಡಕ ಒರೆಸಿಕೊಂಡರು.

ಉಳಿದವನು ಕಾಲುಗ್ರಾಂ. ಅದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಿಂದೊಮ್ಮೆ ಅಕ್ಕಸಾಲಿಗರೊಬ್ಬರ ತಕ್ಕಡಿಯನ್ನು ಕಾಲು ಗ್ರಾಂ ವ್ಯತ್ಯಾಸಕ್ಕೆ ವಾಪಸು ಕಳಿಸಿದ್ದರಿಂದ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಹತ್ತೊಂಬತ್ತು ವರ್ಷದ ಕೆಳಗೆ ಪರೀಕ್ಷೆ ಬರೆದು, ರಾಜ್ಯಕ್ಕೇ ಮೂರನೆಯವನಾಗಿ ಪಾಸಾಗಿ, ಯಾರ ಮನೆ ಮೆಟ್ಟಿಲನ್ನೂ ಹತ್ತದೆ ಕೆಲಸಕ್ಕೆ ಸೇರಿದ್ದ. ಬದುಕಿನಲ್ಲಿ ಹೆಮ್ಮೆಪಡುವಂಥದ್ದು ಅವನಿಗಿದ್ದದ್ದು ಅದೊಂದೇ. ಆದ್ದರಿಂದ ನಾಲ್ಕನೇ ಕಾಲಮಿನಲ್ಲಿ ದುಂಡಗೆ 'ಯಾರೂ ಇಲ್ಲ' ಎಂದು ಬರೆದು ಕೊಟ್ಟ.

ಸೂಪರಿಂಟೆಂಡೆಂಟರು ಅದನ್ನು ನೋಡಿ ಅವನನ್ನು ಒಳಗೆ ಕರೆದರು.

"ಯಾರೂ ಇಲ್ಲ ಅಂದ್ರೆ ಹೇಗ್ರೀ? ಆಕಾಶದಿಂದ ಉದುರಿದ್ರಾ?"

"ಪರೀಕ್ಷೆ ಬರೆದಿದ್ದೆ ಸರ್."

"ಪರೀಕ್ಷೆ ನಾವೂ ಬರೆದಿದ್ವಿ. ಇಲ್ಲಿ ಅದನ್ನ ಕೇಳಿಲ್ಲ."

ಕಾಲುಗ್ರಾಂ ಕೈಚೀಲದಿಂದ ಹಳದಿಗಟ್ಟಿದ ಪತ್ರಿಕೆಯ ತುಣುಕೊಂದನ್ನು ತೆಗೆದು, ಮಗುವನ್ನು ಮಲಗಿಸುವಂತೆ ಮೇಜಿನ ಮೇಲಿಟ್ಟ. "ನೋಡಿ ಸರ್, ಮೂರನೇ ನಂಬರು ನಂದು."

"ನಂಬರು ಇದೆ, ಹೆಸರಿಲ್ಲ. ಇದು ನಿಮ್ಮದೇ ಅಂತ ಏನು ಗ್ಯಾರಂಟಿ?" ಸೂಪರಿಂಟೆಂಡೆಂಟರು ದನಿ ತಗ್ಗಿಸಿದರು. "ನೋಡಿ, ನನ್ನ ಹತ್ರ ಮುಚ್ಚಿಡಬೇಡಿ. ಬರೆಯೋಕೆ ಆಗದಷ್ಟು ದೊಡ್ಡ ಹೆಸರಾ?"

"ನಿಜವಾಗಲೂ ಯಾರೂ ಇಲ್ಲ ಸರ್."

"ಅರ್ಥವಾಯ್ತು, ಅರ್ಥವಾಯ್ತು," ಎಂದು ಸೂಪರಿಂಟೆಂಡೆಂಟರು ಎದ್ದು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಅವರು ಕಾಲುಗ್ರಾಮಿಗಾಗಿ ಎದ್ದು ನಿಂತದ್ದು ಅದೇ ಮೊದಲು.

ಅವನು ತನ್ನ ಜಾಗಕ್ಕೆ ಮರಳುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಒಂದು ಕಾಲು ಕುಂಟುತ್ತಿದ್ದ ಅವನ ಕುರ್ಚಿ ಮಾಯವಾಗಿ, ಕೈಯಿರುವ ಕುರ್ಚಿ ಬಂದಿತ್ತು. ಫ್ಯಾನು ಅವನ ಕಡೆ ತಿರುಗಿತ್ತು. ಟೈಪಿಸ್ಟ್ ಮೇಡಂ ಹತ್ತಿರ ಬಂದು ಪಿಸುಗುಟ್ಟಿದರು, "ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ರೂ ಒಂದು ಮಾತು ಹೇಳ್ಲಿಲ್ವಲ್ಲ ನೀವು. ನಾನೇನು ಹೊರಗಿನವಳಾ?"

"ಮೇಡಂ, ಹೇಳೋಕೆ ಏನೂ ಇಲ್ಲ."

"ಆಯ್ತು ಬಿಡಿ. ದೊಡ್ಡವರ ವಿಷಯ, ನಾನು ಕೇಳಲ್ಲ," ಎಂದು ಆಕೆ ಮುನಿಸಿಕೊಂಡು ಹೋದರು.

ಅರ್ಧ ಗಂಟೆಯಲ್ಲಿ ಸೂಪರಿಂಟೆಂಡೆಂಟರು ತಾವೇ ಅವನ ಮೇಜಿನ ಬಳಿ ಬಂದರು. ಅವರ ಹಣೆಯಲ್ಲಿ ಬೆವರಿತ್ತು. "ಒಂದು ಯೋಚನೆ ಬಂತು. 'ಯಾರೂ ಇಲ್ಲ' ಅನ್ನೋದಕ್ಕೆ ಆಧಾರ ಬೇಕಲ್ವಾ? ಶಿಫಾರಸು ಮಾಡಬಹುದಾಗಿದ್ದೋರೇ 'ನಾನು ಮಾಡಿಲ್ಲ' ಅಂತ ಬರೆದುಕೊಟ್ರೆ ನಿಮಗೂ ಕ್ಷೇಮ, ನನಗೂ ಕ್ಷೇಮ. ನಿಮ್ಮ ಶಾಸಕರ ಹತ್ರ ಒಂದು ಪತ್ರ ತಂದುಬಿಡಿ."

ಕಾಲುಗ್ರಾಮಿಗೆ ಇದು ಸರಿಯೆನ್ನಿಸಿತು. ತನ್ನ ಮೂರನೇ ಸ್ಥಾನಕ್ಕೆ ಸರ್ಕಾರಿ ಮೊಹರು ಬೀಳುವುದಾದರೆ ಬೀಳಲಿ ಎಂದು ಅರ್ಧ ದಿನದ ರಜೆ ಬರೆದುಕೊಟ್ಟು ಹೊರಟ.

ಶಾಸಕರ ಮನೆಯ ಮುಂದೆ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಬಾಗಿಲಲ್ಲಿ ಕೂತಿದ್ದ ಆಪ್ತ ಸಹಾಯಕರು ತಲೆಯೆತ್ತದೆ ಕೇಳಿದರು, "ಯಾರು ಕಳಿಸಿದ್ದು?"

"ಯಾರೂ ಕಳಿಸಿಲ್ಲ. ನಾನೇ ಬಂದೆ."

ಸಹಾಯಕರು ಈಗ ತಲೆಯೆತ್ತಿದರು. "ಯಾರೂ ಕಳಿಸದೆ ಇಲ್ಲಿ ಯಾರೂ ಬರಲ್ಲ. ಯಾರಾದ್ರೂ ಕಳಿಸಿದ ಮೇಲೆ ಬನ್ನಿ."

ರಸ್ತೆಯಂಚಿನಲ್ಲಿ ನಿಂತು ಕಾಲುಗ್ರಾಂ ಬಹಳ ಹೊತ್ತು ಯೋಚಿಸಿದ. ಅವನ ಹೆಂಡತಿಯ ತಮ್ಮ ಶಾಸಕರ ಹೆಂಡತಿಯ ಕಾರು ಓಡಿಸುತ್ತಿದ್ದ. ಭಾವಮೈದನ ಕೈಯಿಂದ ಏನನ್ನೂ ಮಾಡಿಸಿಕೊಳ್ಳಬಾರದೆಂಬ ಹಟದಿಂದ ಆತನನ್ನು ಎಂಟು ವರ್ಷದಿಂದ ಊಟಕ್ಕೂ ಕರೆದಿರಲಿಲ್ಲ. ಕೊನೆಗೆ ಹೆಂಡತಿಗೆ ಫೋನು ಮಾಡಿದ.

"ನಿನ್ನ ತಮ್ಮನಿಗೆ ಸ್ವಲ್ಪ ಹೇಳೇ, ಶಾಸಕರನ್ನ ಕಾಣಬೇಕು."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. "ಅಬ್ಬ, ಈಗಲಾದ್ರೂ ಬುದ್ಧಿ ಬಂತಲ್ಲ ನಿಮಗೆ. ಬಡ್ತಿ ಕೇಳ್ತೀರಾ?"

"ಬಡ್ತಿ ಅಲ್ಲ. ನನಗೆ ಯಾರೂ ಶಿಫಾರಸು ಮಾಡಿಲ್ಲ ಅಂತ ಬರೆಸಿಕೋಬೇಕು."

"ಅದಕ್ಕೆ ಶಿಫಾರಸು ಬೇಕಾ?"

"ಬೇಕಂತೆ."

"ಬಿಸಿಲಲ್ಲಿ ನಿಂತಿದ್ದೀರಾ? ನೆರಳಿಗೆ ಹೋಗಿ," ಎಂದಳು. ಆದರೂ ತಮ್ಮನಿಗೆ ಹೇಳಿದಳು. ಇಪ್ಪತ್ತು ನಿಮಿಷದಲ್ಲಿ ಕಾಲುಗ್ರಾಂ ತನ್ನ ಜೀವಮಾನದ ಮೊದಲ ಶಿಫಾರಸಿನ ಮೇಲೆ ಶಾಸಕರ ಮುಂದೆ ನಿಂತಿದ್ದ.

ಶಾಸಕರು ಕೈಗಳನ್ನು ಅಗಲಿಸಿ ನಿಂತಿದ್ದರು. ಸಚಿವ ಸಂಪುಟ ವಿಸ್ತರಣೆಯಾಗುವ ಸುದ್ದಿಯಿದ್ದುದರಿಂದ ದರ್ಜಿಯೊಬ್ಬ ಕೋಟಿಗೆ ಅಳತೆ ತೆಗೆಯುತ್ತಿದ್ದ. ಟೇಪಿನ ತುದಿ ಒಂದಂಗುಲ ಸವೆದುಹೋಗಿರುವುದು ಕಾಲುಗ್ರಾಮಿನ ಕಣ್ಣಿಗೆ ತಕ್ಷಣ ಬಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಪ್ರಯಾಸದಿಂದ ನುಂಗಿ, ಬಂದ ಕೆಲಸ ಹೇಳಿದ.

ಶಾಸಕರ ಕೈಗಳು ನಿಧಾನವಾಗಿ ಕೆಳಗಿಳಿದವು. "ಅಂದ್ರೆ ನನ್ನ ಕ್ಷೇತ್ರದಲ್ಲಿ, ನನಗೆ ಗೊತ್ತಿಲ್ದೆ, ಒಬ್ಬನಿಗೆ ಸರ್ಕಾರಿ ಕೆಲಸ ಸಿಕ್ಕಿದೆಯಾ?" ಅವರು ನೊಂದುಕೊಂಡು ಸಹಾಯಕರ ಕಡೆ ತಿರುಗಿದರು. "ಇದು ಹೇಗಾಯ್ತು?"

ಸಹಾಯಕರು ತಲೆ ತಗ್ಗಿಸಿದರು. "ಹಿಂದಿನ ಸಹಾಯಕರ ಕಾಲದ್ದು ಸರ್. ನಾನಿದ್ದಿದ್ರೆ ಹೀಗಾಗ್ತಿರಲಿಲ್ಲ."

"ಮೂರನೇ ಸ್ಥಾನ ಬಂದಿತ್ತು ಸರ್ ನನಗೆ," ಎಂದ ಕಾಲುಗ್ರಾಂ, ಸಮಾಧಾನ ಹೇಳುವವನಂತೆ.

"ಒಂದು ಮಾತು ಬಂದು ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ಈಗ ನಾನು ಮಾಡಿಲ್ಲ ಅಂತ ನನ್ನ ಕೈಯಲ್ಲೇ ಬರೆಸ್ತೀರಾ? ಜನ ನನ್ನ ಬಗ್ಗೆ ಏನಂದ್ಕೋತಾರೆ?" ಎಂದು ಗೊಣಗುತ್ತಲೇ ಶಾಸಕರು ಒಪ್ಪಿದರು. ಹೆಂಡತಿಯ ಡ್ರೈವರನ್ನು ಎದುರು ಹಾಕಿಕೊಳ್ಳುವಷ್ಟು ಧೈರ್ಯ ಅವರಿಗೂ ಇರಲಿಲ್ಲ.

ಸಹಾಯಕರು ಪತ್ರ ಬರೆದರು. 'ಈ ಪತ್ರ ತಂದವರ ನೇಮಕಕ್ಕೆ ನಾನು ಯಾವುದೇ ಶಿಫಾರಸು ಮಾಡಿರುವುದಿಲ್ಲ.' ಅದರ ಕೆಳಗೆ ಅಚ್ಚಿನಲ್ಲೇ ಒಂದು ಸಾಲಿತ್ತು: 'ಆದ್ದರಿಂದ ಇವರಿಗೆ ಸಕಲ ಅನುಕೂಲ ಮಾಡಿಕೊಡಬೇಕಾಗಿ ಕೋರುತ್ತೇನೆ.'

"ಇದೊಂದು ಸಾಲು ಹೊಡೆದು ಹಾಕಿದ್ರೆ..." ಎಂದು ಕಾಲುಗ್ರಾಂ ರಾಗ ಎಳೆದ.

"ಹೊಡೆದು ಹಾಕಿದ್ರೆ ತಿದ್ದುಪಡಿ ಆದ ಪತ್ರ ಅಂತಾರೆ, ಯಾರೂ ತಗೊಳಲ್ಲ. ಬೇರೆ ಪ್ಯಾಡ್ ನಮ್ಮಲ್ಲಿಲ್ಲ ಸ್ವಾಮಿ. ಇಲ್ಲಿಗೆ ಬರೋರು ಇನ್ಯಾವುದಕ್ಕೂ ಬರಲ್ಲ."

ಹಸಿರು ಶಾಯಿಯ ಸಹಿ ಬಿತ್ತು, ಅದರ ಮೇಲೆ ದುಂಡನೆಯ ಮೊಹರು ಬಿತ್ತು.

ಮೂರೂವರೆಗೆ ಕಾಲುಗ್ರಾಂ ಕಚೇರಿಗೆ ಓಡೋಡಿ ಬಂದು, ಪತ್ರವನ್ನು ನೇರವಾಗಿ ಟಪಾಲು ವಿಭಾಗದಲ್ಲಿ ಕೊಟ್ಟು, ಮೊಹರು ಹಾಕಿಸಿ, ತನ್ನ ಫೈಲಿಗೆ ಸೇರಿಸಿದ್ದನ್ನು ಕಣ್ಣಾರೆ ನೋಡಿಯೇ ಒಳಗೆ ಹೋದ. ಒಳಗೆ ಪರೀಕ್ಷಾ ಕೊಠಡಿಯ ಮೌನ. ಹದಿನಾರು ಜನ ತಲೆ ತಗ್ಗಿಸಿ ಹೊಸ ನಮೂನೆ ತುಂಬುತ್ತಿದ್ದರು. ಕಸದ ಬುಟ್ಟಿ ಹಳೆಯ ನಮೂನೆಗಳ ಚೂರಿನಿಂದ ತುಂಬಿ ತುಳುಕುತ್ತಿತ್ತು.

"ಏನಾಯ್ತು ಮೇಡಂ?"

ಟೈಪಿಸ್ಟ್ ಮೇಡಂ ಮುನಿಸು ಮರೆತು ಹೇಳಿದರು, "ಎರಡು ಗಂಟೆಗೆ ಇನ್ನೊಂದು ಆದೇಶ ಬಂತು. ಶಿಫಾರಸಿನಿಂದ ಬಂದೋರನ್ನೆಲ್ಲ ಗಡಿ ತಪಾಸಣಾ ಠಾಣೆಗೆ ಎತ್ತಂಗಡಿ ಮಾಡ್ತಾರಂತೆ. ಅದಕ್ಕೆ ಎಲ್ಲರೂ 'ಯಾರೂ ಇಲ್ಲ' ಅಂತ ಬರೀತಿದ್ದೀವಿ. ನಿಮ್ಮದು ಬೆಳಿಗ್ಗೆನೇ ಸರಿ ಇತ್ತು ನೋಡಿ. ಎಷ್ಟು ದೂರದೃಷ್ಟಿ ನಿಮಗೆ."

ಕಾಲುಗ್ರಾಂ ಟಪಾಲು ವಿಭಾಗಕ್ಕೆ ಓಡಿ ಪತ್ರ ವಾಪಸು ಕೇಳಿದ. "ಒಳಗೆ ಬಂದ ಕಾಗದ ಹೊರಗೆ ಹೋಗಬೇಕಾದ್ರೆ ಮೇಲಿನಿಂದ ಆದೇಶ ಬೇಕು," ಎಂದ ಟಪಾಲು ಗುಮಾಸ್ತ. "ಈ ನಿಯಮಾನ ನೀವೇ ಅಲ್ವಾ ಹೋದ ವರ್ಷ ನನಗೆ ತೋರಿಸಿಕೊಟ್ಟಿದ್ದು?"

ಐದಕ್ಕೆ ಸುಧಾರಣಾ ಘಟಕದ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಮುಖ, ಚೂಪಾದ ಪೆನ್ನು. ಹದಿನಾರು ಫೈಲುಗಳನ್ನು ಒಂದೊಂದಾಗಿ ತಿರುವಿ, 'ಯಾರೂ ಇಲ್ಲ' ಎಂದಿದ್ದಲ್ಲೆಲ್ಲ ಟಿಕ್ ಹಾಕುತ್ತಾ ಹೋದರು. ಹದಿನೇಳನೆಯದರಲ್ಲಿ ಪೆನ್ನು ನಿಂತಿತು.

"ಇಡೀ ಕಚೇರಿಯಲ್ಲಿ ರಾಜಕಾರಣಿಯ ಪತ್ರ ಇರೋದು ಇದೊಂದೇ ಫೈಲಿನಲ್ಲಿ."

"ದಯವಿಟ್ಟು ಓದಿ ಸರ್. ಶಿಫಾರಸು ಮಾಡಿಲ್ಲ ಅಂತಾನೇ ಬರೆದಿದ್ದಾರೆ."

"ಶಿಫಾರಸು ಮಾಡದೋರು ಪತ್ರ ಯಾಕೆ ಬರೀತಾರ್ರೀ? ಇವರಿಗೂ ಮಾಡಿಲ್ಲ," ಎಂದು ಅಧಿಕಾರಿಗಳು ಹದಿನಾರು ಜನರ ಕಡೆ ಕೈ ತೋರಿಸಿದರು, "ಪತ್ರ ಇದೆಯಾ? ಇಲ್ಲ. ಜೊತೆಗೆ ಸಕಲ ಅನುಕೂಲ ಅಂತ ಬೇರೆ."

ಹದಿನಾರು ಜನ ಗಂಭೀರವಾಗಿ ತಲೆಯಾಡಿಸಿದರು. ಸೂಪರಿಂಟೆಂಡೆಂಟರು ಕಿಟಕಿಯ ಹೊರಗೆ ಏನೋ ಮುಖ್ಯವಾದದ್ದು ಕಂಡವರಂತೆ ಆ ಕಡೆ ನೋಡುತ್ತಿದ್ದರು. ವರ್ಗಾವಣೆಯ ಆದೇಶಕ್ಕೆ ಅಲ್ಲೇ ಸಹಿಯಾಯಿತು. ಗಡಿ ಠಾಣೆ ಎಂಟು ಗಂಟೆಯ ಬಸ್ ದಾರಿ, ಬಸ್ಸು ದಿನಕ್ಕೊಂದು. ಹೆಂಡತಿಗೆ ಏನೆಂದು ಹೇಳುವುದು ಎಂಬುದೊಂದು ಬಿಟ್ಟು ಕಾಲುಗ್ರಾಮಿಗೆ ಆಗ ಬೇರೇನೂ ಹೊಳೆಯಲಿಲ್ಲ.

ಅಧಿಕಾರಿಗಳು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಅವನನ್ನು ಎದುರಿಗೆ ಕೂರಿಸಿಕೊಂಡರು. ದನಿ ಒಮ್ಮೆಲೇ ಬೆಣ್ಣೆಯಾಗಿತ್ತು.

"ಬೇಜಾರು ಮಾಡ್ಕೋಬೇಡಿ, ಕರ್ತವ್ಯ ನೋಡಿ. ಒಂದು ವಿಷಯ. ಸುಧಾರಣಾ ಘಟಕದಲ್ಲಿ ನಂದು ಆರು ತಿಂಗಳ ತಾತ್ಕಾಲಿಕ ಹುದ್ದೆ. ಆ ಶಾಸಕರು ಸಂಪುಟ ಸೇರ್ತಾರಂತೆ, ಈ ಘಟಕ ಅವರ ಕೈಗೇ ಬರುತ್ತಂತೆ. ನನ್ನನ್ನ ಕಾಯಂ ಮಾಡೋಕೆ ನೀವು ಅವರಿಗೆ ಒಂದು ಮಾತು ಹೇಳಬೇಕು. ನಿಮ್ಮ ಮಾತು ತೆಗೆದುಹಾಕಲ್ಲ ಅವರು."

"ಸರ್, ಅವರಿಗೆ ನಾನು ಯಾರು ಅಂತಾನೂ ಗೊತ್ತಿಲ್ಲ. ಇವತ್ತೇ ಮೊದಲು ನೋಡಿದ್ದು."

ಅಧಿಕಾರಿಗಳು ಅವನನ್ನು ಒಂದು ನಿಮಿಷ ದಿಟ್ಟಿಸಿದರು. ಮುಖಕ್ಕೆ ಮತ್ತೆ ಇಸ್ತ್ರಿ ಬಿತ್ತು. ಪೆನ್ನಿನ ಮುಚ್ಚಳ ತೆಗೆದು, ವರದಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿದರು: 'ಸದರಿ ನೌಕರರು ತನಿಖೆಗೆ ಸಹಕರಿಸಲಿಲ್ಲ.'