ನನ್ನ ಕಿಸೆಯ ಖಾಲಿ ಟ್ಯೂಬು

ಮನುಷ್ಯ ಹಸಿವನ್ನು ಬೇಕಾದರೆ ಮುಚ್ಚಿಟ್ಟಾನು, ತುರಿಕೆಯನ್ನು ಮುಚ್ಚಿಡುವುದು ಯಾರಪ್ಪನಿಂದಲೂ ಆಗದು. ಆದರೂ ನಾನು ಸೊಂಟದ ಗಜಕರ್ಣವನ್ನು ಮೂರು ತಿಂಗಳು ಹೆಂಡತಿಯಿಂದ ಮುಚ್ಚಿಟ್ಟಿದ್ದೆ. ಗೊತ್ತಾದರೆ ನನ್ನ ಟವೆಲ್ಲು, ಹಾಸಿಗೆ ಎಲ್ಲ ಬೇರೆಯಾದೀತೆಂಬ ಭಯ. ಇಂಥ ನನಗೇ ಸಿಕ್ಕ ಕೆಲಸ ನೋಡಿ: ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿ, ಚರ್ಮದ ಕಾಯಿಲೆಯವರಿಗೆ ಚಿಕಿತ್ಸೆ ಹೇಗೆ ಸಿಗುತ್ತದೆಂದು ಕೇಳಿ ಬರೆದುಕೊಳ್ಳುವುದು. "ಅಂಕಿಸಂಖ್ಯೆ ಬೇಡ, ಜನರ ಮಾತು ಬೇಕು" ಎಂದಿದ್ದರು ಈ ಸಮೀಕ್ಷೆ ನಡೆಸುತ್ತಿದ್ದ ನಮ್ಮ ಮೇಡಂ.

ಲಿಂಗಸುಗೂರಿನಲ್ಲಿ ನಾನು ಹೋದ ದವಾಖಾನೆಗೆ ಚರ್ಮದ ಡಾಕ್ಟರು ಬರುತ್ತಿದ್ದುದು ಗುರುವಾರ ಮಾತ್ರ. ಬೆಂಚಿನ ಮೇಲೆ ಪಾಮನಕಲ್ಲೂರಿನ ದುರಗಮ್ಮ ಎಂಬ ಹಿರಿಯಾಕೆ ಕೂತಿದ್ದಳು. ಗಜಕರ್ಣ ಮೈತುಂಬ ಹಬ್ಬಿದ ಮೇಲೆ ಇಷ್ಟು ತಡವಾಗಿ ಯಾಕೆ ಬಂದಿರೆಂದು ಕೇಳಿದೆ. ಆಕೆ ಸೆರಗಿನ ಗಂಟು ಬಿಚ್ಚಿ, ಹಿಂಡಿ ಹಿಂಡಿ ಚಪ್ಪಟೆಯಾದ ಮುಲಾಮಿನ ಟ್ಯೂಬು ತೆಗೆದಳು.

"ನಮ್ಮ ಕಡೆ ಇದ ಡಾಕ್ಟರ್ ಚೀಟಿ ನೋಡ್ರಿ. ಸೊಸಿ ಜವಳಗೇರಾದಾಗಿನ ತವರಮನಿಯಿಂದ ತಂದಿದ್ಲು. ಮೆಡಿಕಲ್ ಶಾಪಿನಾಗ ತೋರಿಸಿ, ಇಂಥಾದ್ದ ಕೊಡು ಅನ್ನೋದು. ಹಚ್ಚಿದ್ರ ನಾಕು ದಿನ ಸುಮ್ನಿರತೈತಿ, ಬಿಟ್ರ ಮತ್ತ ಏಳತೈತಿ. ಈ ಖಾಲಿ ಟ್ಯೂಬು ಓಣಿ ತುಂಬ ತಿರುಗ್ಯಾಡೈತಿ."

"ಡಾಕ್ಟರಿಗೆ ತೋರಿಸದೆ ಹಚ್ಚಬಾರದು, ಯವ್ವಾ" ಎಂದೆ, ದೊಡ್ಡ ಮನುಷ್ಯನಂತೆ. ಎಡಗೈ ತನ್ನ ಪಾಡಿಗೆ ತಾನು ಸೊಂಟಕ್ಕೆ ಹೋಗಿತ್ತು.

"ಆಗಿಂದ ನೀ ಯಾಕ ಕೆರಕೊಳ್ಳಾಕತ್ತಿ ತಮ್ಮಾ?" ಮಾತಿನ ಕೊನೆಯ 'ರೀ' ಅಲ್ಲಿಗೇ ಬಿದ್ದುಹೋಯಿತು.

"ಸೆಕಿ..."

"ಸೆಕಿ ಒಂದ ಕಡೆ ಆಗತೈತೇನು? ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲದಾಗ ಬಿದ್ದಿತ್ತಂತ! ಕಿಸೆದಾಗ ಏನೈತಿ, ತೆಗಿ."

ಅಯ್ಯೋ, ಆ ಕಣ್ಣೇ! ನನ್ನ ಕಿಸೆಯಲ್ಲಿದ್ದದ್ದೂ ಅದೇ ಟ್ಯೂಬು, ಆಕೆಯದಕ್ಕಿಂತ ಚಪ್ಪಟೆ. ದುರಗಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ, "ನನ್ನ ಹಿಂದ ಪಾಳಿ ಹಚ್ಚು" ಎಂದು ಪಕ್ಕದಲ್ಲೇ ಕೂರಿಸಿಕೊಂಡಳು.

ಡಾಕ್ಟರು ನನ್ನ ಟ್ಯೂಬನ್ನು ಕಸದ ಬುಟ್ಟಿಗೆ ಎಸೆದರು. "ಮುಂದಿನ ವಾರ ಮನೆಯವರನ್ನೂ ಕರ್ಕೊಂಡು ಬರ್ರಿ" ಎಂದರು.

ಮನೆಗೆ ಬಂದು ಹೆಂಡತಿಯ ಮುಂದೆ ತಲೆ ತಗ್ಗಿಸಿ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. ಅಡುಗೆಮನೆಗೆ ಹೋಗಿ, ಸಾಸಿವೆ ಡಬ್ಬಿಯ ಹಿಂದಿನಿಂದ ಒಂದು ಚಪ್ಪಟೆ ಟ್ಯೂಬು ತಂದು ನನ್ನ ಮುಂದಿಟ್ಟಳು.

"ಇಷ್ಟು ದಿನ ಯಾಕ ಹೇಳಲಿಲ್ಲ?" ರೂಢಿಯ ಬಲದಿಂದ ಕೇಳಿಬಿಟ್ಟೆ.

"ನೀವು ನನ್ನ ಟವೆಲ್ಲು ಬ್ಯಾರೆ ಇಡತೀರಿ ಅಂತ. ಬರಕೋರಿ ಮತ್ತ, ಇದನ್ನೂ ಬರಕೋರಿ!"

ಬರೆದುಕೊಂಡೆ. ಮೇಡಂ ಕೊಟ್ಟ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಮನೆಯಲ್ಲಿ ಇದು ಮೊದಲು ಯಾರಿಗೆ ಬಂತು? ಮೂರು ತಾಲೂಕಿನ ಜನರಿಗೆಲ್ಲ ಕೇಳಿದ ಆ ಪ್ರಶ್ನೆಯನ್ನು ಹೆಂಡತಿಗೆ ಮಾತ್ರ ನಾನು ಕೇಳಲಿಲ್ಲ.